ಟೀಚರ ಮಾತ್ರೆ

ಏಳನೇ ತರಗತಿಯಲ್ಲಿ ನನಗೆ ಕ್ಷಯವಾಗಿತ್ತು. ವಾಸಿಯಾಗಿದೆಯೆಂದು ಡಾಕ್ಟರ ಚೀಟಿ ತಂದು ತೋರಿಸಿದರೂ ಟೀಚರು ತರಗತಿಯೊಳಗೆ ಬಿಡಲಿಲ್ಲ. ನನ್ನ ಓದು ಅಲ್ಲಿಗೇ ನಿಂತಿತು.

ಈಗ ಊರಿನ ಕ್ಷಯರೋಗಿಗಳಿಗೆ ಆಸ್ಪತ್ರೆಯ ಮಾತ್ರೆ ಕೊಟ್ಟು, ಎದುರು ನಿಂತು ನುಂಗಿಸುವವಳು ನಾನೇ. ಇದು ಶಾಲೆಯ ಮಕ್ಕಳಿಗೂ ಗೊತ್ತು. ಮೊನ್ನೆ ಬಂದ ಹೊಸ ರೋಗಿಯ ಕಾರ್ಡಿನಲ್ಲಿ ಅದೇ ಟೀಚರ ಹೆಸರಿತ್ತು.

"ಎರಡು ವಾರ ಶಾಲೆಗೆ ಹೋಗ್ಬೇಡಿ ಟೀಚರ್. ಮಕ್ಕಳಿಗೆ ಅಂಟುತ್ತೆ."

"ಈಗ ರಜೆ ಹಾಕಿದ್ರೆ ಹೆಡ್‌ಮಿಸ್ ಆಗೋದು ತಪ್ಪಿಹೋಗುತ್ತೆ ಕಣೇ. ಯಾರ ಹತ್ರಾನೂ ಹೇಳ್ಬೇಡ, ನಿನ್ನ ದಮ್ಮಯ್ಯ."

"ಹೇಳಲ್ಲ ಬಿಡಿ."

ಮರುದಿನ ಅವರು ಶಾಲೆಗೆ ಹೋದರು. ನಾನೂ ಹೋದೆ.

ಪ್ರಾರ್ಥನೆಗೆ ನಿಂತಿದ್ದ ಮಕ್ಕಳ ಸಾಲುಗಳನ್ನು ದಾಟಿ, ಒಂದು ಮಾತೂ ಆಡದೆ, ಟೀಚರ ಮುಂದೆ ಮಾತ್ರೆಯನ್ನೂ ನೀರಿನ ಲೋಟವನ್ನೂ ಚಾಚಿದೆ.