ಕೋತಿಯ ಕೈಯಲ್ಲಿ ಸ್ಟೀಲ್ ಡಬ್ಬಿ

ನಾನೊಮ್ಮೆ ಕೆಮ್ಮಿದರೆ ಸಾಕು, ಸಾವಿರ ಕೋತಿಗಳು ಬಡಾವಣೆ ಬಿಟ್ಟು ಬೆಟ್ಟ ಹತ್ತುತ್ತವೆ. ಆದರೆ ಪಕ್ಕದ ಮನೆಯಾಕೆ ಬಾಳೆಹಣ್ಣು ತೋರಿಸಿ ಮತ್ತೆ ಕರೆಯುತ್ತಾಳೆ, ನಾನೇನು ಮಾಡಲಿ? ಇವತ್ತು ಅವು ನಮ್ಮ ತಾರಸಿಯ ನೀರಿನ ಪೈಪನ್ನು ಮತ್ತೆ ಮುರಿದವು. ತಾಳ್ಮೆ ಕೆಟ್ಟು ಕಾಂಪೌಂಡಿನ ಬಳಿ ನಿಂತು ಕೂಗಾಡಿದೆ.

“ರೀ, ಕೋತಿಗೆ ತಿನ್ನೋಕೆ ಹಾಕೋದು ನಿಲ್ಲಿಸ್ತೀರೋ ಇಲ್ವೋ?”

“ನಾನು ನಿಲ್ಸಿ ತಿಂಗಳಾಯ್ತು ಕಣ್ರೀ. ಅಗೋ, ಆ ಕೋತಿ ಕೈಯಲ್ಲಿರೋ ಡಬ್ಬಿ ಯಾರ್ದು ನೋಡಿ ಮೊದ್ಲು.”

ಗಲಾಟೆಗೆ ಬೆದರಿದ ಕೋತಿ ಡಬ್ಬಿ ಬಿಸಾಡಿ ಓಡಿತು. ಕೂಗಾಟ ಕೇಳಿ ಹೊರಬಂದಿದ್ದ ನನ್ನ ಹೆಂಡತಿ ಅದನ್ನೆತ್ತಿ ಮುಚ್ಚಳ ಒರೆಸಿದಳು. ತವರಿನವರು ಕೆತ್ತಿಸಿಕೊಟ್ಟಿದ್ದ ಅವಳದೇ ಹೆಸರು.

“ಆಫೀಸಲ್ಲಿ ಕಳೆದುಹೋಯ್ತು ಅಂದಿದ್ರಲ್ಲ?”

“ಶುಗರ್‌ಗೆ ಒಳ್ಳೇದು ಅಂತ ನೀ ಕಟ್ಟಿಕೊಡೋ ನವಣೆ ಉಪ್ಪಿಟ್ಟು ನನ್ನ ಗಂಟಲಲ್ಲಿ ಇಳಿಯಲ್ಲ ಕಣೇ,” ಎಂದೆ. “ದಿನಾ ಹಿತ್ತಲಲ್ಲಿ ಅವಕ್ಕೇ ಸುರೀತಿದ್ದೆ.”