ಉದ್ದದ ಹೆಸರು

ವಿದ್ಯುತ್ ಚಿತಾಗಾರದಲ್ಲಿ ಸಮಯ ಕಾದಿರಿಸುವ ಆ್ಯಪ್ ಶುರುವಾಗಿ ವಾರವಾಗಿತ್ತು. ಮೃತರ ಹೆಸರು ಉದ್ದವಿದ್ದರೆ ಅದರ ಚೌಕಟ್ಟು ಹಿಗ್ಗಿ, ಕೆಳಗಿನ ಬುಕಿಂಗ್ ಬಟನನ್ನು ಪರದೆಯಿಂದಾಚೆ ತಳ್ಳುತ್ತಿತ್ತು. ಅಂದು ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದ, ಆ್ಯಪ್ ರೂಪಿಸಿದ ತಂಡದ ಶ್ರೀವತ್ಸ, ಬಟನ್ ಕೈಗೆಟಕುವಂತೆ ಇಡೀ ಪುಟವನ್ನು ಮೇಲೆ ಕೆಳಗೆ ಸರಿಯುವ ಇನ್ನೊಂದು ಚೌಕಟ್ಟಿನೊಳಗೆ ಕೂರಿಸಿದ.

ಆಮೇಲೆ ಬಂದ ತಂಡದ ಮುಖ್ಯಸ್ಥೆ ವಿನುತಾ, ಅವನು ಫೋನಿನಲ್ಲಿ ಆ್ಯಪ್ ತೆರೆದು ತುಂಬಿದ್ದ ಹೆಸರನ್ನು ಬಗ್ಗಿ ನೋಡಿದಳು. "ತ್ರಿಪುರಸುಂದರಮ್ಮ ನರಸಿಂಹಮೂರ್ತಿ! ಎಲ್ಲಿಂದ ಹುಡುಕಿದ್ರಿ ಇಷ್ಟುದ್ದದ ಹೆಸರು?"

ಅವನು ಪರದೆ ಸರಿಸಿ ಬಟನ್ ಒತ್ತಿದ. ಮಧ್ಯಾಹ್ನ ಮೂರು ಗಂಟೆಗೆ ಸಮಯ ಸಿಕ್ಕಿತು.

"ಸರಿಹೋಯ್ತಲ್ಲ. ಈಗ ಅದನ್ನ ರದ್ದು ಮಾಡ್ಬಿಡಿ. ಪಾಪ, ಯಾರಿಗಾದ್ರೂ ಬೇಕಾಗತ್ತೆ."

"ನಂಗೇ ಬೇಕು ಮೇಡಂ," ಎಂದ ಶ್ರೀವತ್ಸ. "ಅಮ್ಮ ಬೆಳಗಿನ ಜಾವ ಹೋದ್ರು."