ಎದೆಯ ಮೇಲಿನ ಕರಡಿಗೆ

“ತೂತು ಬಿದ್ದ ಗುಂಡಿಗೆಗೆ ಬಟ್ಟೆ ತೇಪೆ ಹಾಕಿದ್ರೆ ನಿಲ್ಲುತ್ತಾ?”

ಜಗದಾಂಬಾ ಕೇಳಿದ್ದು ಯಾರನ್ನೂ ಅಲ್ಲ, ಶಿವಮೊಗ್ಗದ ಆಸ್ಪತ್ರೆಯ ಕಿಟಕಿಯನ್ನು. ಉತ್ತರ ಬಂದದ್ದು ಹಿಂದಿನ ಮಂಚದಿಂದ.

“ಅಂಚು ಗಟ್ಟಿಯಿದ್ರೆ ನಿಲ್ಲುತ್ತೆ ಮಾರಾಯ್ತಿ. ನೆನೆದು ಮೆತ್ತಗಾಗಿದ್ರೆ ಸೂಜಿ ಹೋದಲ್ಲೆಲ್ಲ ಹರಿಯುತ್ತೆ.”

ಗಂಡ ಚಂದ್ರಶೇಖರಪ್ಪನವರಿಗೆ ಅಷ್ಟು ಮಾತಿಗೇ ಉಬ್ಬಸ. ಭದ್ರಾವತಿಯ ಜನ್ನಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಹೋದ ವಾರ ಗಿರಾಕಿಯ ಮುಂದೆ ಸೀರೆ ಹರವುತ್ತಲೇ ಎದೆ ಹಿಡಿದುಕೊಂಡು ಕುಸಿದಿದ್ದರು. ಆ ಹೃದಯಾಘಾತಕ್ಕೆ ಗುಂಡಿಗೆಯ ಒಳಗೋಡೆ ಒಡೆದಿತ್ತು. ಗಾಯದ ಅಂಚು ಗಟ್ಟಿಯಾಗಲಿ ಎಂದು ಕಾಯುತ್ತಿದ್ದ ಡಾಕ್ಟರ್ ಲಕ್ಷ್ಮೀಕಾಂತ, ಈ ಬೆಳಿಗ್ಗೆ ಬಂದು, “ಇನ್ನು ಕಾಯೋ ಹಾಗಿಲ್ಲ, ಇವತ್ತೇ ಆಪರೇಷನ್, ತೂತಿಗೆ ಬಟ್ಟೆ ತೇಪೆ ಹಾಕ್ತೀವಿ” ಎಂದುಬಿಟ್ಟಿದ್ದರು.

“ಎಂಥ ಬಟ್ಟೆ ಹಾಕ್ತೀರಿ ಸಾರ್? ಬಣ್ಣ ಬಿಡಲ್ಲ ತಾನೇ?” ಎಂದು ಚಂದ್ರಶೇಖರಪ್ಪ ಡಾಕ್ಟರನ್ನೇ ನಗಿಸಿ ಕಳಿಸಿದ್ದರು. ಆ ನಗು ಆರಿದ್ದು, ನರ್ಸ್ ಬಂದು ಅವರ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ತೋರಿಸಿದಾಗ.

“ಯಜಮಾನ್ರೇ, ಇದನ್ನ ತೆಗೀಬೇಕು.”

“ಒಳಗಿರೋದು ಇಷ್ಟಲಿಂಗ ತಾಯಿ. ದೀಕ್ಷೆ ಆದಾಗಿನಿಂದ ಮೈ ಬಿಟ್ಟಿಲ್ಲ. ತೋಳಿಗೆ ಕಟ್ಕೊಳ್ತೀನಿ.”

“ದಾರ, ಬೆಳ್ಳಿ ಏನೂ ಒಳಗೆ ಬಿಡಲ್ಲ.”

“ಹಾಗಾದ್ರೆ ನಾನೂ ಬರಲ್ಲ.”

ನರ್ಸ್ ಜಗದಾಂಬಾಳ ಮುಖ ನೋಡಿದಳು. ಜಗದಾಂಬಾ ಬೈಯಲಿಲ್ಲ, ಅಳಲಿಲ್ಲ. ಕೈ ತೊಳೆದು ಬಂದು, ಬ್ಯಾಗಿನಿಂದ ಮಡಿವಸ್ತ್ರ ತೆಗೆದು ಅಂಗೈ ಮೇಲೆ ಹಾಸಿಕೊಂಡು, ಪೂಜೆಗೆ ಕೂತವಳಂತೆ ಮುಂದೆ ಚಾಚಿದಳು.

“ಕೆಳಗಿಡಲ್ಲ. ನೀವು ಬರೋವರೆಗೂ ಕೈಲೇ ಹಿಡ್ಕೊಂಡು ಕೂತಿರ್ತೀನಿ. ಕೊಡಿ.”

ಅವರು ಆ ಅಂಗೈಯನ್ನೇ ನೋಡುತ್ತ ಮಲಗಿದ್ದರು. ಕೊನೆಗೆ ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಅವಳ ಕೈಗಿಟ್ಟರು. ಬಿಸಿಲು ಕಾಣದ ಒಂದು ಬಿಳಿ ಗುರುತು ಎದೆಯ ಮೇಲೆ ಉಳಿಯಿತು. ಕತ್ತರಿ ಆಡಬೇಕಾದದ್ದು ಸರಿಯಾಗಿ ಅಲ್ಲೇ.

ಸ್ಟ್ರೆಚರ್ ಬಾಗಿಲು ದಾಟುವಾಗ ಅವರು ಅವಳ ಸೆರಗು ಹಿಡಿದು ನಿಲ್ಲಿಸಿದರು.

“ನೋಡು, ನಾನು ಎದ್ದು ಬರದಿದ್ರೆ, ಮಣ್ಣಿಗಿಡೋ ಮುಂಚೆ ಅದನ್ನ ನನ್ನ ಎಡಗೈಲಿ ಇಡು. ಬೇರೆ ಯಾರೂ ಬೇಡ, ನೀನೇ ಇಡಬೇಕು.”

ಜಗದಾಂಬಾ ಕರಡಿಗೆಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ಇಡಲ್ಲ. ಬಂದು ನೀವೇ ಇಸ್ಕೊಳ್ಳಿ.”